ಐದನೆಯ ಚಪ್ಪಾಳೆ

"ಆರನೇ ಹಾಡು ನಿಮ್ಮದು, ಮಾಮ," ಎಂದಳು ಗಾಯಕಿ, ಅವನ ಮುಖ ನೋಡದೆ.

ವಿಮರ್ಶಕನಿಗೆ ತಲೆಬುಡ ತಿಳಿಯಲಿಲ್ಲ. ಮಾತಾಡಬೇಕು ಬನ್ನಿ ಎಂದು ಸ್ಟುಡಿಯೋಗೆ ಕರೆಸಿದ್ದಳು. ಕುರ್ಚಿ ತೋರಿಸಿದ್ದಳು, ಕೂರಿ ಎಂದಿರಲಿಲ್ಲ.

"ನೀವೇ ಬಿಡಿಸಿ ಹೇಳಿ," ಎಂದಳು ಧ್ವನಿಮುದ್ರಣ ಮಾಡುವವನಿಗೆ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವುಡ ಎಂದು. ಸೂಜಿ ಬಿದ್ದರೂ ಕೇಳುವ ಕಿವಿ. ಬೇಡದ ಮಾತು ಮಾತ್ರ ಅದರೊಳಗೆ ಇಳಿಯುತ್ತಿರಲಿಲ್ಲ.

"ಬಿಡುಗಡೆಗೆ ಮುಂಚೆ ಒಂಬತ್ತು ಜನ ವಿಮರ್ಶಕರಿಗೆ ಒಂಬತ್ತು ಕಾಪಿ ಕೊಟ್ವಿ ಸರ್. ಎಲ್ಲಾ ಹಾಡಲ್ಲೂ ಒಂದು ಕಡೆ ವಾದ್ಯ ನಿಂತು ನಾಲ್ಕು ಚಪ್ಪಾಳೆ ಬರುತ್ತಲ್ಲ? ಒಬ್ಬೊಬ್ಬರ ಕಾಪೀಲಿ ಒಂದೊಂದು ಹಾಡಲ್ಲಿ ಐದು ಹಾಕಿದೀನಿ. ಮೊದಲನೆಯವರಿಗೆ ಮೊದಲನೇ ಹಾಡು, ಎರಡನೆಯವರಿಗೆ ಎರಡನೇದು. ನಿಮಗೆ ಆರನೇದು. ಒಂದು ಗುರುತು ಎರಡು ಕಾಪಿಗೆ ಹಾಕೋದಿಲ್ಲ, ಅದು ನನ್ನ ಪದ್ಧತಿ. ಮೊನ್ನೆಯಿಂದ ಆಲ್ಬಂ ಫೋನಿಂದ ಫೋನಿಗೆ ಹಾರ್ತಾ ಇದೆ. ಹಾರ್ತಿರೋದು ಯಾರ ಕಾಪಿ ಅಂತ ಈಗ ಕೇಳಿ ನೋಡೋದು."

ವಿಮರ್ಶಕ ತನ್ನ ಟಿಪ್ಪಣಿ ಪುಸ್ತಕ ತೆರೆದ. ಆರನೆಯ ಹಾಡಿನ ಎದುರು ಬರೆದಿದ್ದ: "ಇದ್ದಕ್ಕಿದ್ದಂತೆ ಐದು ಚಪ್ಪಾಳೆ! ಇಡೀ ಆಲ್ಬಮ್ಮಿನಲ್ಲಿ ಇದೊಂದೇ ತುಂಟತನ. ಶಹಬ್ಬಾಸ್." ಅವನು ಬಾಯ್ತುಂಬ ಹೊಗಳಿದ್ದು ತನಗೇ ಹಾಕಿದ್ದ ಬಲೆಯನ್ನು.

"ನನ್ನನ್ನೂ ಒಂಬತ್ತರಲ್ಲಿ ಒಬ್ಬ ಮಾಡಿದ್ಯಾ, ಪುಟ್ಟಿ?"

"ನಂಟು ಬೇರೆ, ಕೆಲಸ ಬೇರೆ. ನೀವೇ ಹೇಳಿದ್ದು."

ಹೇಳಿದ್ದು ನಿಜ. ಎರಡು ವಾರದ ಹಿಂದೆ, ಫೋನಿನಲ್ಲಿ. ಹತ್ತರಲ್ಲಿ ನಾಲ್ಕು ಹಾಡು ಚೆನ್ನಾಗಿವೆ, ಆರು ಸಪ್ಪೆ, ಬಿಡುಗಡೆಯಾಗುವ ಭಾನುವಾರದ ಪತ್ರಿಕೆಯಲ್ಲಿ ಹಾಗೇ ಬರೆಯುತ್ತೇನೆ ಎಂದು. ಪಕ್ಕದ ಮನೆಯ ಹುಡುಗಿ. ಎಂಟು ವರ್ಷದವಳಿದ್ದಾಗ ಅವನ ಮನೆಯ ನೆಲದ ಮೇಲೆ ಕೂತು, ಬೇಸ್ ಗಿಟಾರಿನ ಗುಡುಗುಡುವಿಗೆ ತಲೆ ಆಡಿಸುತ್ತಾ ಫಂಕ್ ಸಂಗೀತ ಕೇಳಿದವಳು. ಅವಳ ಮೊದಲ ಹಾಡಿನ ಬಗ್ಗೆ ಊರಲ್ಲಿ ಮೊದಲು ಬರೆದವನು ಅವನೇ.

"ನಿಮ್ಮ ಪತ್ರಿಕೆಯ ಸಂಪಾದಕರಿಗೆ ತಿಳಿಸಿದೀನಿ," ಎಂದಳು. "ಗುರುತು ಸಿಕ್ಕಿದರೆ ಆ ಮನುಷ್ಯನ ವಿಮರ್ಶೆ ಹಾಕಲ್ಲ, ಮುಂದೆ ಬರೆಸೋದೂ ಇಲ್ಲ ಅಂದ್ರು."

ಇಪ್ಪತ್ತೆರಡು ವರ್ಷದ ಅಂಕಣ. ವಿಮರ್ಶಕ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ಕಿವುಡನೇ ಬರೆದು ಅಂಟಿಸಿದ್ದ '೬' ಇನ್ನೂ ಹಾಗೇ ಇತ್ತು. "ಬಂದ ದಿನದಿಂದ ನನ್ನ ಜೇಬು ಬಿಟ್ಟು ಹೋಗಿಲ್ಲ. ಹೆಂಡತಿಗೆ ಕೇಳಿಸಿದೆ, ಅಷ್ಟೇ. ಅವಳು ಎರಡನೇ ಹಾಡಿಗೇ ಗೊರಕೆ ಹೊಡೆದಳು."

ಕಿವುಡ ಪೆನ್‌ಡ್ರೈವ್ ಎತ್ತಿ, ಆಚೆ ಈಚೆ ತಿರುಗಿಸಿ ನೋಡಿದ. ಗಾಯಕಿಯ ಕಡೆ ನೋಡಿದ. ಅದನ್ನು ಪಕ್ಕಕ್ಕಿಟ್ಟು, ತನ್ನ ಫೋನಿಗೆ ಹಾರಿ ಬಂದಿದ್ದ ಕಾಪಿಯ ಮೊದಲ ಹಾಡು ಹಾಕಿದ.

ಬೇಸ್ ಕುಣಿಯಿತು, ಕಹಳೆಗಳು ಕೂಗಿದವು. ಒಳ್ಳೆಯ ಹಾಡು, ತಲೆಗಿಂತ ಮೊದಲು ಕಾಲಿಗೆ ಅರ್ಥವಾಗುವಂಥದ್ದು. ನಾಲ್ಕು ಚಪ್ಪಾಳೆ. ಎರಡನೆಯದು ನೀರು ಬೆರೆಸಿದ ಹಾಲು. ನಾಲ್ಕು. ಮೂರನೆಯದರಲ್ಲಿ ಗಿಟಾರ್ ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟ ಎಂದಿತು. ಈ ಪರಿಸ್ಥಿತಿಯಲ್ಲೂ ವಿಮರ್ಶಕನ ಹೆಬ್ಬೆರಳು ತಾಳ ಹಾಕಿತು. ಅದಕ್ಕೆ ಅವನಿಗೇ ಸಿಟ್ಟು ಬಂತು. ನಾಲ್ಕೇ. ನಾಲ್ಕನೆಯದು, ಐದನೆಯದು ಬಂದವು, ಹೋದವು.

ಆರನೆಯದು. ಗಾಯಕಿ ಕುರ್ಚಿಯ ತುದಿಗೆ ಸರಿದಳು.

ವಾದ್ಯ ನಿಂತಿತು. ಒಂದು, ಎರಡು, ಮೂರು, ನಾಲ್ಕು. ಬೇಸ್ ಮತ್ತೆ ಶುರುವಾಯಿತು.

ವಿಮರ್ಶಕನ ಎದೆಯಿಂದ ಬಂಡೆ ಇಳಿಯಿತು. ನಗುತ್ತಾ ಅವಳತ್ತ ತಿರುಗಿದ. ಅವಳ ಮುಖದಲ್ಲಿ ನಗು ಇರಲಿಲ್ಲ.

"ಇನ್ನೊಂದು ಸಲ ಹಾಕಿ."

ಹಾಕಿದ. ನಾಲ್ಕು.

"ಇನ್ನೊಂದು ಸಲ."

ಮೂರನೆಯ ಸಲವೂ ನಾಲ್ಕು. ವಿಮರ್ಶಕನ ನಗು ತುಟಿಯಲ್ಲೇ ಒಣಗಿತು. ಕಳ್ಳನಲ್ಲ ಎಂದು ಗೊತ್ತಾದರೆ ಸಮಾಧಾನ ಆಗಬೇಕಿತ್ತಲ್ಲ ಈ ಹುಡುಗಿಗೆ? ಐದು ಸಿಕ್ಕಿದ್ದರೆ ಆಗುತ್ತಿದ್ದ ನೋವಿಗಿಂತ, ಸಿಗಲಿಲ್ಲವೆಂದು ಅವಳ ಮುಖ ಬಾಡಿದ್ದು ಅವನನ್ನು ಹೆಚ್ಚು ನೋಯಿಸಿತು.

ಏಳು, ಎಂಟು, ಒಂಬತ್ತು. ಎಲ್ಲದರಲ್ಲೂ ನಾಲ್ಕೇ.

"ಸಾಕು, ನಿಲ್ಲಿಸಿ," ಎಂದು ಗಾಯಕಿ ಎದ್ದಳು. "ನಿಮ್ಮ ಗುರುತೇ ಸರಿ ಬಿದ್ದಿಲ್ಲ ಅನ್ನಿಸುತ್ತೆ. ಮಾಮ, ಬಿಡಿ, ಆಗಿದ್ದು ಆಗೋಯ್ತು. ಕಾಫಿ ಕುಡಿಯೋಣ."

"ಹತ್ತನೇದು ಉಳಿದಿದೆ," ಎಂದ ಕಿವುಡ.

"ಒಂಬತ್ತು ಜನಕ್ಕೆ ಒಂಬತ್ತು ಹಾಡು. ಹತ್ತನೇದರಲ್ಲಿ ಯಾರದ್ದೂ ಇಲ್ಲವಲ್ಲ."

ಕಿವುಡನಿಗೆ ಕೇಳಿಸಲಿಲ್ಲ. ಹಾಡು ಹಾಕಿಬಿಟ್ಟಿದ್ದ.

ಆಲ್ಬಮ್ಮಿನಲ್ಲಿ ಇದೇ ಒಳ್ಳೆಯದು. ಬೇಸ್ ಒಂದೇ, ಅದರ ಮೇಲೆ ಅವಳ ದನಿ, ನಡುನಡುವೆ ಬೇಕೆಂದೇ ಬಿಟ್ಟ ಮೌನ. ಇದರ ಎದುರು ವಿಮರ್ಶಕ ಬರೆದಿದ್ದು ಒಂದೇ ಸಾಲು: "ನಾಲ್ಕು ಚಪ್ಪಾಳೆ ಸಾಲದು, ಇಲ್ಲೂ ಐದು ಬೇಕಿತ್ತು."

ವಾದ್ಯ ನಿಂತಿತು. ಒಂದು. ಎರಡು. ಮೂರು. ನಾಲ್ಕು.

ಐದು.

ಕಿವುಡ ಹಾಡು ನಿಲ್ಲಿಸಿದ. ಗಾಯಕಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಾಗೇ ನಿಂತಳು.

"ಇದು ಯಾರ ಕಾಪಿ?" ಎಂದು ಕೇಳಿದ ವಿಮರ್ಶಕ.

ಕಿವುಡ '೬' ಅಂಟಿಸಿದ್ದ ಪೆನ್‌ಡ್ರೈವನ್ನು ಅವನ ಕೈಗೆ ವಾಪಸ್ ಕೊಟ್ಟು, ಗಾಯಕಿಯ ಕಡೆ ತಿರುಗಿದ. "ಮಾಮ ತಮ್ಮ ಕಾಪಿ ಕಳಕೊಂಡಿದಾರೆ, ಅಂಥದ್ದೇ ಇನ್ನೊಂದು ಕೊಡಿ ಅಂತ ಹೋದ ವಾರ ನೀವೇ ಬಂದು ಇಸ್ಕೊಂಡು ಹೋದ್ರಲ್ಲ ಮೇಡಂ, ಅದು."