ಅಂಚಿನೊಳಗಿನ ಕೂದಲು

"ಈ ಅಂಚು ನಾನು ಹೊಲಿದಿದ್ದಲ್ಲ ಮೇಡಂ, ನಮ್ಮ ನಾದಿನಿ ಹೊಲಿದಿದ್ದು," ಎಂದುಬಿಟ್ಟಳು ಟೈಲರಮ್ಮ, ನಾದಿನಿಯ ಎದುರಿಗೇ. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ನಾದಿನಿ ತಲೆಯೆತ್ತದೆ ಹೊಲಿಗೆ ಮುಂದುವರಿಸಿದಳು.

ಗೌನು ಒಯ್ಯಲು ಬಂದಿದ್ದ ಗಿರಾಕಿ ಅದರ ಸೊಟ್ಟ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಚೆಯದೆಲ್ಲ ಕಾಣುವಷ್ಟು ತೆಳು ಶಿಫಾನಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸಣ್ಣಗೆ ಸುರುಳಿ ಸುತ್ತಿ ಹೊಲಿದ ಕಡುನೀಲಿ ಅಂಚಿನೊಳಗೆ ಗೇಣುದ್ದದ ಬಿಳಿಕೂದಲೊಂದು ಸಿಕ್ಕಿಕೊಂಡಿತ್ತು.

"ಇದ್ಯಾರದು?"

ಟೈಲರಮ್ಮನ ಕೈ ತನ್ನ ನರೆತ ತುರುಬಿನತ್ತ ಹೋಗಿ ಅರ್ಧದಲ್ಲೇ ನಿಂತಿತು. ಅಂಗಡಿಯಲ್ಲಿ ಹೊಲಿಯುವವರು ಅವರಿಬ್ಬರೇ. ನಾದಿನಿಯ ಜಡೆಯೋ ಕಾಡಿಗೆಗಪ್ಪು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಟೈಲರಮ್ಮನಿಗೆ.

ಗಿರಾಕಿ ತಿರುಗುವಷ್ಟರಲ್ಲಿ ನಾದಿನಿ ಕೊರಳ ಸ್ಕಾರ್ಫನ್ನು ತಲೆತುಂಬ ಎಳೆದುಕೊಂಡು ಜಡೆಯನ್ನು ಮುಚ್ಚಿದ್ದಳು.

"ನಂದೇ ಮೇಡಂ," ಎಂದಳು. "ಬಿಚ್ಚಿ ಹೊಸದಾಗಿ ಹೊಲಿದು ಕೊಡ್ತೀನಿ. ಅತ್ತಿಗೆ, ಆ ಕತ್ತರಿ ಕೊಡಿ."