ಆರು ಹೆಸರು

ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ರವೀಂದ್ರನಗರದ ಟ್ರಸ್ಟ್ ವಸ್ತುಸಂಗ್ರಹಾಲಯದ ಓಲೆಗರಿ ಕೋಣೆಯಲ್ಲಿ ಲಿಂಗಪ್ಪ ಇದ್ದಾಗಲೇ ಬಾಗಿಲು ಮುಚ್ಚಿ ಬೆಂಕಿ ಆರಿಸುವ ಗ್ಯಾಸ್ ಬಿಡಲಾಯಿತು. ಬೆಂಕಿ ಆರಿತು. ಲಿಂಗಪ್ಪ ಉಸಿರುಗಟ್ಟಿ ಸತ್ತ. ಒಂದು ಗರಿಯೂ ಸುಡಲಿಲ್ಲ.

ಬುಧವಾರ ಮೊದಲ ಕಲ್ಲು ಆಫೀಸಿನ ಕಿಟಕಿ ಒಡೆದುಕೊಂಡು ಬಂದು ಅಧಿಕಾರಿ ಜ್ಞಾನೇಶನ ಹಣೆಗೆ ಬಿತ್ತು. ಎರಡನೆಯದು ಗೋಡೆಯ ಮೇಲಿನ ಸಂಸ್ಥಾಪಕರ ಫೋಟೋಗೆ. ಎದುರು ಕೂತಿದ್ದ ದ್ಯಾಮಮ್ಮ ಕದಲಲಿಲ್ಲ. ಲಿಂಗಪ್ಪನ ಹೆಂಡತಿ; ಅವನ ಹಾಗೆಯೇ ಇಲ್ಲಿ ಕಾಂಟ್ರಾಕ್ಟ್ ಮೇಲೆ ಗುಡಿಸುವವಳು. ಭದ್ರಾವತಿಯ ಓಲ್ಡ್ ಟೌನಿನಿಂದ ಒಂಬತ್ತು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಹೋಗಿದ್ದರು. ಈಗ ಅವಳ ಬಲಗೈ ತುಂಬ ಬ್ಯಾಂಡೇಜು. ಬಾಗಿಲು ಬಡಿದು ಬಡಿದು ಕೈ ಹರಿದುಕೊಂಡಳು ಎಂದು ಹೊರಗೆ ಸೇರಿದ್ದ ಲಿಂಗಪ್ಪನ ಕಡೆಯ ಜನ ಮಾತಾಡಿಕೊಳ್ಳುತ್ತಿದ್ದರು. ಅವಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

“ಅತ್ಗೆ! ಹೆಸರು ಕೇಳು!” ಹೊರಗಿನಿಂದ ಮೈದುನ ಮಂಜಪ್ಪನ ದನಿ. “ಗ್ಯಾಸಿನ ಹಿಡಿ ಎಳೆದ ಕೈ ಯಾರ್ದು ಅಂತ ಗೊತ್ತಾದ್ರೆ ಸಾಕು. ಆ ಕೈನ ಇಲ್ಲೇ ಮುರೀತೀನಿ!”

ಗೇಟಿನಲ್ಲಿದ್ದ ಇಬ್ಬರು ಪೊಲೀಸರಲ್ಲಿ ಒಬ್ಬ ತಲೆ ಒಡೆಸಿಕೊಂಡು ಜೀಪಿನ ಮರೆಯಲ್ಲಿ ಕೂತಿದ್ದ. ವಾಚ್‌ಮನ್ನಿನ ಎರಡು ಹಲ್ಲು ಆಗಲೇ ಹೋಗಿದ್ದವು. ಗೇಟು ಕಾಯುವವನಿಗೆ ಒಳಗೆ ಹಿಡಿ ಎಳೆದವರ ಹೆಸರು ಎಲ್ಲಿ ಗೊತ್ತಿರಬೇಕು?

ಜ್ಞಾನೇಶ ಹಣೆಗೆ ಕರವಸ್ತ್ರ ಒತ್ತಿಕೊಂಡು, ಟೈಪು ಮಾಡಿದ್ದ ಹಾಳೆಯನ್ನು ಅವಳತ್ತ ತಳ್ಳಿದ.

“ಎಡಗೈ ಹೆಬ್ಬೆಟ್ಟಾದ್ರೂ ಸಾಕು. ಹಿಡಿ ಎಳೆದೋನು ಲಿಂಗಪ್ಪನೇ. ಎಳೆದು, ಓಲೆಗರಿ ಉಳಿಸೋಕೆ ತಾನೇ ಒಳಗೆ ಓಡಿದ. ಬಾಗಿಲ ಪಕ್ಕ ಕಲ್ಲಲ್ಲಿ ಅವನ ಹೆಸರು ಕೆತ್ತಿಸ್ತೀವಿ. ನಿನ್ನನ್ನ ಪರ್ಮನೆಂಟ್ ಮಾಡಿಸ್ತೀನಿ.”

“ಸತ್ತೋನ ಮೇಲೆ ಹಾಕೋದಾ ಸಾರ್?”

“ಸತ್ತೋನನ್ನ ಯಾರೂ ಹೊಡೆಯಲ್ಲ ಮಾರಾಯ್ತಿ.”

ಮೇಜಿನ ಮೇಲೆ ನೀಲಿ ರಟ್ಟಿನ ಪುಸ್ತಕ ಬಿದ್ದಿತ್ತು. ತುರ್ತು ಯೋಜನೆ. ದ್ಯಾಮಮ್ಮನಿಗೆ ಅದು ಬಾಯಿಪಾಠ. ಮೂರು ಸಲ ಡ್ರಿಲ್ ಮಾಡಿಸಿದ್ದರು. ಬೆಲ್ ಹೊಡೆದರೆ ಎಲ್ಲರೂ ಬೇವಿನ ಮರದಡಿ ನಿಲ್ಲಬೇಕು. ಜ್ಞಾನೇಶ ಹೆಸರು ಕೂಗುತ್ತಾನೆ. ಹೆಸರು ಸರಿಹೋದರೆ ಸೀಟಿ. ಸೀಟಿಯಾದ ಅರ್ಧ ನಿಮಿಷದೊಳಗೆ ಕೋಣೆಯ ಹೊರಗಿನ ಗಾಜಿನ ಪೆಟ್ಟಿಗೆ ಒಡೆದು ಹಿಡಿ ಎಳೆಯಬೇಕು. ಕೂಗುವುದು, ಸೀಟಿ ಊದುವುದು ಸಾಹೇಬರ ಪಾಲು. ಓಡುವುದು, ಹೊರುವುದು, ಒಡೆಯುವುದು ಕಾಂಟ್ರಾಕ್ಟಿನವರ ಪಾಲು.

ಆ ಪುಸ್ತಕದಲ್ಲಿ ನಾನೂರ ಹನ್ನೆರಡು ಓಲೆಗರಿ ಕಟ್ಟುಗಳಿಗೂ ಒಂದೊಂದು ನಂಬರು ಇತ್ತು. ಮನುಷ್ಯರ ಪುಟದಲ್ಲಿ ಆರು ಹೆಸರು. ಕಾಂಟ್ರಾಕ್ಟಿನ ಹನ್ನೊಂದು ಜನ ಅದರಲ್ಲಿರಲಿಲ್ಲ. ಬರೆದರೆ ನಮ್ಮವರೆಂದು ಒಪ್ಪಿಕೊಂಡ ಹಾಗಾಗುತ್ತದೆ, ಬೇಡ ಎಂದಿದ್ದರು ಟ್ರಸ್ಟಿನ ವಕೀಲರು.

“ನಿನ್ನೆ ಎಷ್ಟು ಹೆಸರು ಕೂಗಿದ್ರಿ ಸಾರ್?”

“ಆರು. ಆರೂ ಜನ ಇದ್ರು.”

“ಬೆಳಿಗ್ಗೆ ಅವನು ಹಿಂದಿನ ಶೆಡ್ಡಿಗೆ ಸುಣ್ಣ ಹೊಡಿಯೋಕೆ ಹೋಗಿದ್ದ. ನಾನೇ ನೋಡಿದ್ದೆ. ಓಲೆಗರಿ ಕೋಣೆಗೆ ಕಳಿಸಿದ್ದು ಯಾರು?”

ಜ್ಞಾನೇಶ ಕಿಟಕಿಯತ್ತ ನೋಡಿದ. “ಗೆದ್ದಲು ಕಾಣ್ತು. ಔಷಧಿ ಹೊಡಿ ಹೋಗು ಅಂತ ನಾನೇ ಕಳಿಸಿದ್ದೆ. ಗಡಿಬಿಡೀಲಿ ಮರ್ತೋಯ್ತು.”

“ಒಳಗಿದ್ದಾನೆ ಅಂತ ಗೊತ್ತಿದ್ರೆ?”

“ಗೊತ್ತಿದ್ರೆ ಯಾರಾದ್ರೂ ಎಳೀತಾರಾ?”

“ಇಲ್ಲ,” ಎಂದಳು ದ್ಯಾಮಮ್ಮ. “ಎಳೀತಿರ್ಲಿಲ್ಲ.”

ಲಿಂಗಪ್ಪನ ಹೆಣದ ಪಕ್ಕ ಅರ್ಧ ಸುಟ್ಟ ಗೋಣಿಚೀಲವಿತ್ತು. ಬೆಲ್ ಹೊಡೆದಾಗಲೂ ಓಡದೆ ಬೆಂಕಿ ಬಡಿಯುತ್ತಿದ್ದಿರಬೇಕು, ಪೆದ್ದ. ಉಗುರುಗಳು ಬುಡದಿಂದ ಕಿತ್ತು ಬಂದಿದ್ದವು. ಬಾಗಿಲ ಒಳಮೈ ಮೇಲೆ ಹತ್ತು ಬೆರಳಿನ ರಕ್ತದ ಗೆರೆ. ಗ್ಯಾಸ್ ಬಿಟ್ಟ ಮೇಲೆ ಆ ಬಾಗಿಲು ಇಪ್ಪತ್ತು ನಿಮಿಷ ತೆರೆಯುವುದಿಲ್ಲ. ಅಷ್ಟೂ ಹೊತ್ತು ಅವಳು ಅದರೆದುರೇ ಇದ್ದಳು. ಒಳಗಿನಿಂದ ಬಡಿದ ಸದ್ದು ಕೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಅದು ಒಂದು ನಿಮಿಷಕ್ಕೆ ನಿಂತುಹೋಯಿತು.

ಆಫೀಸಿನ ಬಾಗಿಲಿಗೆ ಒದೆ ಬಿತ್ತು. ಚಿಲಕ ನಡುಗಿತು.

ಜ್ಞಾನೇಶನ ದನಿ ಇಳಿಯಿತು. “ಎಳೆದೋರ ಹೆಸರು ಈ ಕೋಣೆ ದಾಟಿದ್ರೆ ಇನ್ನೊಂದು ಹೆಣ ಬೀಳುತ್ತೆ. ನಿನ್ನ ಮೈದುನನ ಕೈಯಲ್ಲೇ. ಹೆಬ್ಬೆಟ್ಟು ಒತ್ತು. ಬಾಗಿಲು ತೆಗೀಬೇಡ.”

ದ್ಯಾಮಮ್ಮ ಎದ್ದು ಹೋಗಿ ಚಿಲಕ ತೆಗೆದಳು.

ಮಂಜಪ್ಪ ಒಳಗೆ ನುಗ್ಗಿದ. ಕೈಯಲ್ಲಿ ಕಬ್ಬಿಣದ ರಾಡು. ಅದರ ತುದಿ ಆಗಲೇ ರಕ್ತದಲ್ಲಿ ಕೆಂಪಾಗಿತ್ತು. ಮಾತಿಲ್ಲ ಕತೆಯಿಲ್ಲ, ನೇರ ಜ್ಞಾನೇಶನ ಹೆಗಲಿಗೆ ಬೀಸಿದ. ಮೂಳೆ ಲಟಕ್ಕೆಂದಿತು. ಜ್ಞಾನೇಶ ಕುರ್ಚಿಯ ಸಮೇತ ಉರುಳಿದ. ರಾಡು ಮತ್ತೆ ಮೇಲೆದ್ದಿತು, ಈ ಸಲ ತಲೆಯ ನೇರಕ್ಕೆ.

“ಇವನೇ ತಾನೇ ಅತ್ಗೆ? ಹೂಂ ಅನ್ನು ಸಾಕು!”

“ನಾನಲ್ಲ! ನಾನು ಮುಟ್ಟೇ ಇಲ್ಲ!” ನೆಲದ ಮೇಲಿಂದ ಜ್ಞಾನೇಶ ಕಿರುಚಿದ. “ಪೇಪರಲ್ಲಿರೋದನ್ನ ಹೇಳು ದ್ಯಾಮಮ್ಮ! ಹೇಳು ಅವನಿಗೆ!”

ದ್ಯಾಮಮ್ಮ ರಾಡಿಗೂ ಜ್ಞಾನೇಶನಿಗೂ ನಡುವೆ ಬಂದು ನಿಂತಳು.

“ಪೇಪರಲ್ಲಿರೋದು ನಾನು ಹೇಳಲ್ಲ ಸಾರ್,” ಎಂದು ಮೈದುನನ ಕಡೆ ತಿರುಗಿದಳು. “ಆರು ಹೆಸರು ಕೂಗಿ, ಒಳಗೆ ಯಾರೂ ಇಲ್ಲ, ಎಳಿ ಅಂದೋರು ಇವ್ರು ಮಂಜಪ್ಪ, ಎಳೆದೋಳು ನಾನು.”