ಅರವತ್ತಮೂರನೇ ಚೀಟಿ

“ಬೆದರಿಕೆ ಎಲ್ಲಿದೆಯಮ್ಮ? ಇಲ್ಲಿ ಬರೀ ಹೊಗಳಿಕೆನೇ ಇದೆಯಲ್ಲ,” ಎಂದು ಪೊಲೀಸ್ ಅಧಿಕಾರಿ ಫೋನನ್ನು ಮೇಜಿನ ಮೇಲೆ ತಂಗಿಯ ಕಡೆಗೆ ಜಾರಿಸಿದರು.

ತಂಗಿ ಬೆರಳಿನಿಂದ ಮೇಲಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ಬಟ್ಟೆ ಅಂಗಡಿಯ ಮಾರಾಟದ ಹೆಂಗಸರಿಗೆ ಹನ್ನೊಂದು ತಾಸಿನಲ್ಲಿ ಒಮ್ಮೆ ಕೂರಲು ಒಂದು ಸ್ಟೂಲೂ ಇಲ್ಲ ಎಂದು ಅವಳು ಮಾತಾಡಿದ್ದ ವಿಡಿಯೋ ಅದು. ಕೆಳಗೆ ‘ಸರಿಯಾಗಿ ಹೇಳಿದ್ರಿ’, ‘ನಮ್ಮ ಅಂಗಡೀಲೂ ಇದೇ ಗೋಳು’ ಎಂಬ ಮಾತುಗಳು ಸಾಲಾಗಿ ನಿಂತಿದ್ದವು. ಸೋಮವಾರ ಬೆಳಿಗ್ಗೆ ಅವಳು ಓದಿದ್ದ ಬೆದರಿಕೆಯ ಮಾತು ಮಾತ್ರ ಮಂಗಮಾಯ. ಮತ್ತೆ ಅದರ ಮುಖ ನೋಡುವ ಧೈರ್ಯವಾಗದೆ ಅವಳು ಮೂರು ದಿನ ಆ ಕಡೆ ಇಣುಕಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಅಕ್ಕ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಏನೋ ಕೆಲಸವಿದೆ ಬಾ ಎಂದು ತಂಗಿ ಕರೆತಂದಿದ್ದಳು. ಬಸ್ಸು ಇಳಿಯುವ ಹೊತ್ತಿಗಷ್ಟೇ ವಿಷಯ ಹೇಳಿದ್ದಳು.

“ಅಳಿಸಿದ್ದು ನಾನೇ,” ಎಂದಳು ಕೊನೆಗೂ.

ತಂಗಿ ತಿರುಗಿ ನೋಡಿದ ನೋಟಕ್ಕೆ ಅಕ್ಕ ಸೆರಗಿನ ಅಂಚು ಹಿಡಿದುಕೊಂಡಳು. ತಾನು ಸೀರೆ ಮಾರುವ ಅಂಗಡಿಯೊಳಗೆ ಫೋನು ಬಿಡುವುದಿಲ್ಲವೆಂದು ತಂಗಿಯೇ ತನ್ನ ಪುಟವನ್ನು ಅಕ್ಕನ ಫೋನಿನಲ್ಲೂ ತೆರೆದುಕೊಟ್ಟಿದ್ದಳು, ಎಷ್ಟು ಜನ ನೋಡಿದರೆಂದು ಸಂಜೆ ಹೇಳಲಿ ಅಂತ. ಅಕ್ಕ ಜನರ ಲೆಕ್ಕಕ್ಕಿಂತ ಮೊದಲು ಅವರ ಮಾತು ನೋಡಿದಳು. ‘ಕೂರೋ ಆಸೆ ಇದ್ರೆ ಮನೇಲಿ ಕೂರು’ ಎಂಬುದು ಅದರಲ್ಲಿ ಎಷ್ಟೋ ವಾಸಿ. ಉಳಿದವು ಬಾಯಿಬಿಟ್ಟು ಹೇಳುವಂಥವಲ್ಲ. ದಿನಾ ತಂಗಿ ಸ್ನಾನಕ್ಕೆ ಹೋದ ಕೂಡಲೇ ಅಕ್ಕ ಒಂದೊಂದನ್ನೇ ಅಳಿಸುತ್ತ ಕೂರುತ್ತಿದ್ದಳು.

“ಒಳ್ಳೆ ಕೆಲಸ ಮಾಡಿದ್ರಿ,” ಎಂದು ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು. “ಸಾಕ್ಷಿ ಇಲ್ಲದ ದೂರು ಬರ್ಕೊಂಡು ನಾಳೆ ನಾನೇನು ತೋರಿಸ್ಲಿ?”

“ಅಳಿಸಿದ್ದೇನೋ ನಿಜ ಸಾರ್. ಆದ್ರೆ ಬರ್ಕೊಳ್ದೆ ಒಂದನ್ನೂ ಅಳಿಸಿಲ್ಲ.”

ತಂಗಿಯ ಕಣ್ಣಿಗೆ ಬೀಳದಿರಲೆಂದು ಹೋದಲ್ಲೆಲ್ಲ ಜೊತೆಗೇ ಒಯ್ಯುತ್ತಿದ್ದ ರಟ್ಟಿನ ಉದ್ದ ಪುಸ್ತಕವೊಂದನ್ನು ಅಕ್ಕ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಲಾಂಡ್ರಿಯಲ್ಲಿ ಅವಳದು ಇಪ್ಪತ್ತೆರಡು ವರ್ಷದ ಕೆಲಸ. ಅಲ್ಲಿ ಕಲೆ ಬರೆದಿಡದೆ ಯಾವ ಬಟ್ಟೆಯನ್ನೂ ನೀರಿಗೆ ಹಾಕುವಂತಿಲ್ಲ. ಹಾಕಿದರೆ ಆಮೇಲೆ ಗಿರಾಕಿ ಬಂದು ಕಲೆ ಮಾಡಿದ್ದೇ ನೀವು ಅನ್ನುತ್ತಾನೆ. ಚೀಟಿ ನಂಬರು, ಯಾರದು, ಯಾವತ್ತು, ಎಷ್ಟು ಹೊತ್ತಿಗೆ, ಎಂಥದ್ದು. ಇಷ್ಟು ಬರೆಯದೆ ಇವಳ ಕೈ ಯಾವುದನ್ನೂ ತೊಳೆಯಲು ಒಪ್ಪುವುದಿಲ್ಲ. ಪ್ರತಿ ಮಾತಿನ ಸ್ಕ್ರೀನ್‌ಶಾಟ್ ಅವಳ ಫೋನಿನಲ್ಲಿ ಚೀಟಿ ನಂಬರಿನ ಪ್ರಕಾರವೇ ಇತ್ತು.

ಅಧಿಕಾರಿ ಕನ್ನಡಕ ಏರಿಸಿ ಪುಟ ತಿರುವಿದರು. ಒಂದೊಂದು ಬೈಗುಳದ ಮುಂದೆಯೂ ದುಂಡನೆಯ ಅಕ್ಷರದಲ್ಲಿ ಕೊಳೆ, ಕಲೆ, ಹಳೇ ಕಲೆ ಎಂದಿತ್ತು.

“ಈ ಕೊನೇ ಕಾಲಮ್ಮಲ್ಲಿ ‘ತಿಳಿಸಿದೆ’ ಅಂತ ಇದೆಯಲ್ಲ, ಯಾರಿಗೆ?”

“ಬಟ್ಟೆ ಕೊಟ್ಟೋರಿಗೆ ಸಾರ್. ಕಲೆ ಇದೆ ಅಂತ ತಿಳಿಸ್ಲೇಬೇಕು, ಅದು ನಮ್ಮಲ್ಲಿ ರೂಢಿ. ‘ನೀವು ಬರೆದಿದ್ದನ್ನ ಪುಸ್ತಕದಲ್ಲಿ ಬರ್ಕೊಂಡಿದ್ದೀವಿ, ಚೀಟಿ ನಂಬರ್ ಇಷ್ಟು’ ಅಂತ ನನ್ನ ಖಾತೆಯಿಂದ ಎಲ್ರಿಗೂ ಕಳಿಸ್ದೆ.”

“ಏನಂದ್ರು?”

“ಸುಮಾರು ಜನ ಸುಮ್ಮನಾದ್ರು. ಇಪ್ಪತ್ತೆಂಟನೇ ಚೀಟಿಯೋರು ಮಾತ್ರ, ತಪ್ಪಾಯ್ತು, ಮನೆಯವಳಿಗೆ ಗೊತ್ತಾಗೋದು ಬೇಡ ಅಂತ ಮೂರು ಸಲ ಕೈ ಮುಗಿದ್ರು.”

ಅಧಿಕಾರಿಯ ಮೀಸೆ ತುಸು ಅಲುಗಿತು. ಆದರೆ ಕೊನೆಯ ಪುಟದಲ್ಲಿ ಬೆರಳು ನಿಂತಿತು. ಅರವತ್ತಮೂರು. ‘ನಿನ್ನ ಮನೆ ನೀಲಿ ಗೇಟು ಗೊತ್ತು. ನೀನು ಇಳಿಯೋ ಏಳೂವರೆ ಬಸ್ಸೂ ಗೊತ್ತು.’ ಮುಂದೆ ಒಂದೇ ಪದ: ‘ಹರಿದದ್ದು.’

“ಇವನಿಗೂ ತಿಳಿಸಿದ್ರಾ?”

“ಹೂಂ ಸಾರ್. ಯಾರು ನೀನು ಅಂತ ಕೇಳ್ದ.”

“ನೀವೇನಂದ್ರಿ?”

“ಲಾಂಡ್ರಿ ಅಂದೆ.”

ಅಧಿಕಾರಿ ಪೆನ್ನಿನ ಕ್ಯಾಪು ತೆಗೆದರು. ದೂರು ಎರಡು ಹಾಳೆಯಾಯಿತು. ಪುಸ್ತಕ ಇಲ್ಲೇ ಇರಲಿ ಎಂದಾಗ ಅಕ್ಕ ಕದಲಲಿಲ್ಲ. “ಒಂದು ರಸೀದಿ ಕೊಟ್ಬಿಡಿ ಸಾರ್,” ಎಂದಳು. ಕೊಟ್ಟರು.

ಠಾಣೆಯ ಮೆಟ್ಟಿಲಿಳಿಯುತ್ತ ತಂಗಿ ಹೇಳಿದಳು: “ಇನ್ನೊಂದ್ಸಲ ನನ್ನ ಕೇಳ್ದೆ ಒಂದಕ್ಷರ ಅಳಿಸಿದ್ರೆ ನೋಡು.”

“ನೀನು ಓದಿ ನೊಂದ್ಕೋತೀಯ ಅಂತ...”

“ಸೋಮವಾರದವರೆಗೆ ಬಂದಿದ್ದೆಲ್ಲ ಓದಿದ್ದೀನಿ ಕಣೇ ಅಕ್ಕ. ದಿನಾ, ನೀನು ಏಳೋಕೆ ಮುಂಚೆ. ಆಮೇಲೆ ಕಾಣದೆ ಹೋದ್ರೆ ಅವ್ರೇ ಹೆದರಿ ಅಳಿಸ್ಕೊಂಡ್ರು ಅಂದ್ಕೊಂಡಿದ್ದೆ.”

ಅಕ್ಕ ನಿಂತೇಬಿಟ್ಟಳು. ಅಷ್ಟನ್ನೂ ಓದಿಯೇ ಈ ಹುಡುಗಿ ದಿನಾ ತಲೆ ಬಾಚಿ, ಇಸ್ತ್ರಿ ಸೀರೆಯುಟ್ಟು, ನಗುನಗುತ್ತ ಸೀರೆ ಬಿಡಿಸಿ ತೋರಿಸಲು ಹೋಗುತ್ತಿದ್ದಳು. ಓದಿದ ಮೇಲೆಯೇ ಎರಡನೇ ವಿಡಿಯೋ ಹಾಕಿದ್ದಳು, ಮೂರನೆಯದನ್ನೂ. ಅವುಗಳಲ್ಲಿ ಅವಳ ದನಿ ಎಲ್ಲಿಯೂ ನಡುಗಿರಲಿಲ್ಲ. ತಾನು ಬಚ್ಚಿಟ್ಟು ಕಾಪಾಡಿದ್ದು ಯಾರನ್ನು ಎಂದು ಅಕ್ಕನಿಗೆ ತಿಳಿಯಲಿಲ್ಲ.

ತಂಗಿಯ ಕೈಯಲ್ಲಿ ಫೋನು ಟಿಣ್ ಎಂದಿತು. ಅವಳು ಓದಿದಳು, ಇನ್ನೊಂದು ಬೈಗುಳ. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು. ತಂಗಿ ಫೋನು ಕೊಡಲಿಲ್ಲ. ಠಾಣೆಯ ಮೆಟ್ಟಿಲ ಮೇಲೆಯೇ ಕಾಲು ನೀಡಿ ಆರಾಮಾಗಿ ಕೂತು, ಅಂಗಡಿಯ ಬಿಲ್ಲಿನ ಹಿಂಬದಿ ತಿರುಗಿಸಿ ತೊಡೆಯ ಮೇಲಿಟ್ಟುಕೊಂಡಳು.

“ಅಕ್ಕ, ಮುಂದಿನ ಚೀಟಿ ನಂಬರ್ ಎಷ್ಟು?”